ಎದ್ದ ರೆಕ್ಸಿನ್‌ಗೆ ಮತ್ತೆ ಗಮ್ ಹಾಕಬೇಡಿ, ಮೊದಲು ಕಿತ್ತು ನೋಡಿ

ಕಾರಿನ ಡ್ಯಾಶ್‌ಬೋರ್ಡಿಗೆ ನೀವೇ ರೆಕ್ಸಿನ್ ಅಂಟಿಸಿ, ಅದು ಎದ್ದಿದೆ ಅಂತ ಹಾಕಿದ ಫೋಟೋ ನೋಡಿದೆ. ಡ್ಯಾಶ್‌ಬೋರ್ಡಿನ ಮೇಲೆ ಗಾಜಿನ ಹತ್ತಿರದ ತಗ್ಗಿನಲ್ಲಿ ರೆಕ್ಸಿನ್ ಹಪ್ಪಳದ ಹಾಗೆ ಉಬ್ಬಿದೆ. ಅಂಟಿಸಿ ಮೂರೇ ದಿನ ಅಂತೀರಿ. ಈಗ ಸಿರಿಂಜ್‌ನಲ್ಲಿ ಒಳಗೆ ಫೆವಿಕಾಲ್ ಎಸ್‌ಆರ್ (ರೆಕ್ಸಿನ್ ಅಂಟಿಸುವ ರಬ್ಬರ್ ಗಮ್) ಬಿಟ್ಟು ಮೇಲಿಂದ ಇಸ್ತ್ರಿಪೆಟ್ಟಿಗೆ ಒತ್ತಬಹುದಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೇ, ದಯವಿಟ್ಟು ಬೇಡ. ಎಸ್‌ಆರ್ ಒಣಗುವುದಕ್ಕೆ ಗಾಳಿ ಬೇಕು. ಮುಚ್ಚಿದ ಗುಳ್ಳೆಯೊಳಗೆ ಬಿಟ್ಟರೆ ಅದರ ದ್ರಾವಕ ಹೊರಗೆ ಹೋಗುವುದಕ್ಕೆ ದಾರಿಯೇ ಇಲ್ಲ. ಅದು ರೆಕ್ಸಿನ್‌ನ ಹಿಂಬದಿಯನ್ನು ಮೆತ್ತಗೆ ಮಾಡಿ ಇನ್ನೂ ಸುಕ್ಕು ತರಿಸುತ್ತದೆ. ನಾನು ಇದನ್ನೇ ಮಾಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ಎದ್ದ ತುದಿಯನ್ನು ನಿಧಾನವಾಗಿ ಎಳೆದು ಗಮ್ ಯಾವ ಕಡೆ ಉಳಿದಿದೆ ಅಂತ ನೋಡಿ. ಎಲ್ಲವೂ ಅಲ್ಲಿ ಗೊತ್ತಾಗುತ್ತದೆ. ಗಮ್ ಪೂರ್ತಿ ರೆಕ್ಸಿನ್‌ನಲ್ಲೇ ಇದ್ದು ಪ್ಲಾಸ್ಟಿಕ್ ತೊಳೆದ ಬಟ್ಟಲಿನ ಹಾಗೆ ಬರಿದಾಗಿದ್ದರೆ ತಪ್ಪು ಪ್ಲಾಸ್ಟಿಕ್ ಮೇಲ್ಮೈಯಲ್ಲಿ. ಎರಡೂ ಕಡೆ ಇದ್ದು ಹಲಸಿನ ಮೇಣದ ಹಾಗೆ ನೂಲು ಎಳೆಯುತ್ತಿದ್ದರೆ ಗಮ್ ಒಣಗುವ ಮೊದಲೇ ಒತ್ತಿದ್ದೀರಿ, ಇಲ್ಲವೇ ಬಿಸಿಲಿಗೆ ಕರಗಿದೆ. ನಿಮ್ಮ ಎರಡನೇ ಫೋಟೋದಲ್ಲಿ ಪ್ಲಾಸ್ಟಿಕ್ ಫಳಫಳ ಹೊಳೆಯುತ್ತಿದೆ. ಅದು ಪಾಲಿಶ್.

ನನ್ನದೂ ಅದೇ ಕಥೆ. ಹಳೆಯ ಮಾರುತಿ 800. ನಮ್ಮ ಮನೆ ಕಾಸರಗೋಡು ಕಡೆಯ ಬದಿಯಡ್ಕದ ಹತ್ತಿರ, ಕಾರು ನಿಲ್ಲಿಸುವುದು ಅಡಿಕೆ ಒಣಗಿಸುವ ಅಂಗಳದ ಬದಿಯಲ್ಲಿ. ಒಂದು ಎಲೆಯ ನೆರಳೂ ಇಲ್ಲ. ಡ್ಯಾಶ್‌ಬೋರ್ಡ್ ಬಿರುಕು ಬಿಡಬಾರದು ಅಂತ ವರ್ಷಗಟ್ಟಲೆ ಹೊಳೆಯುವ ಪಾಲಿಶ್ ಹೊಡೆದಿದ್ದೆ. ರೆಕ್ಸಿನ್ ಹಾಕುವ ದಿನ ಭಾರೀ ಉತ್ಸಾಹದಲ್ಲಿ ನೇರವಾಗಿ ಎಮರಿ ಪೇಪರ್ ಹಿಡಿದು ಉಜ್ಜಿದೆ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಗಮ್ ಹಚ್ಚಿದೆ. ನೋಡುವುದಕ್ಕೆ ಚೆನ್ನಾಗಿ ಬಂತು. ಫೆಬ್ರವರಿಯ ಬಿಸಿಲು. ನಾಲ್ಕನೇ ದಿನ ಮಧ್ಯಾಹ್ನ ಬಾಗಿಲು ತೆಗೆದರೆ ತಗ್ಗಿನ ಜಾಗವೆಲ್ಲ ಡೇರೆಯ ಹಾಗೆ ಎದ್ದಿತ್ತು. ಸಿರಿಂಜ್ ತಂದೆ, ಗಮ್ ಬಿಟ್ಟೆ, ಮೇಲೆ ಮರಳಿನ ಚೀಲ ಇಟ್ಟೆ. ವಾರದಲ್ಲಿ ರೆಕ್ಸಿನ್ ಮೇಲೆ ಕೈ ಇಟ್ಟರೆ ಬೆರಳಚ್ಚು ಉಳಿಯುವಷ್ಟು ಮೆತ್ತಗಾಯಿತು. ಮೂರು ಮೀಟರ್ ರೆಕ್ಸಿನ್ ಹೋಯಿತು, ಎರಡು ಭಾನುವಾರ ಹೋಯಿತು.

ತಪ್ಪಾದದ್ದು ಕೆಲಸದ ಕ್ರಮದಲ್ಲಿ. ಆ ಪಾಲಿಶ್‌ಗಳಲ್ಲಿ ಹೆಚ್ಚಿನವುಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಒರೆಸದೆ ಉಜ್ಜಿದರೆ ಎಮರಿ ಮಾಡಿದ ಗೀರಿನೊಳಗೆ ಎಣ್ಣೆ ಕೂರುತ್ತದೆ, ಆಮೇಲೆ ಎಷ್ಟು ಒರೆಸಿದರೂ ಬರುವುದಿಲ್ಲ. ಹಾಗಾಗಿ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದು ಒಣಗಿಸಿ. ಆಮೇಲೆ ಕಾರಿನ ಪೇಂಟ್ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ರಿಮೂವರ್, ಅದಿಲ್ಲದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್. ಎರಡು ಬಟ್ಟೆ ಇಟ್ಟುಕೊಳ್ಳಿ. ಒಂದರಲ್ಲಿ ಹಚ್ಚಬೇಕು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತಿ ತೆಗೆಯಬೇಕು. ಆರುವುದಕ್ಕೆ ಬಿಟ್ಟರೆ ಎಣ್ಣೆ ಇದ್ದಲ್ಲೇ ಕೂರುತ್ತದೆ. ಬಟ್ಟೆಯ ಮಡಿಕೆ ಪ್ರತಿ ಸಲ ಬದಲಿಸಿ, ಅದೇ ಮುಖದಲ್ಲಿ ಒರೆಸಿದರೆ ಎಣ್ಣೆಯನ್ನು ಊರೆಲ್ಲ ಹಂಚಿದ ಹಾಗೆ. ಹೀಗೆ ಮೂರು ಸಲ. ಆಮೇಲೆ 180 ಅಥವಾ 220 ನಂಬರ್ ಎಮರಿ. ಆಮೇಲೆ ಮತ್ತೆ ಒರೆಸಿ. ತಿನ್ನರ್ ಮಾತ್ರ ಮುಟ್ಟಬೇಡಿ, ಎಬಿಎಸ್ ಪ್ಲಾಸ್ಟಿಕ್ ಕರಗುತ್ತದೆ.

ಎಬಿಎಸ್ ಅಂದೆ ಅಲ್ವಾ, ಅದನ್ನೂ ನೋಡಿ. ಬಿಚ್ಚಿದ ಪ್ಯಾನೆಲ್‌ನ ಹಿಂಬದಿ ತಿರುಗಿಸಿ ಟಾರ್ಚ್ ಹಿಡಿದರೆ ಎರಡು ಬಾಣದ ಗುರುತಿನ ನಡುವೆ ಸಣ್ಣ ಅಕ್ಷರ ಅಚ್ಚಾಗಿರುತ್ತದೆ. ಎಬಿಎಸ್ ಅಂತ ಇದ್ದರೆ ನಿಮ್ಮ ಅದೃಷ್ಟ, ಗಮ್ ಚೆನ್ನಾಗಿ ಹಿಡಿಯುತ್ತದೆ. ಪಿಪಿ ಅಂತ ಇದ್ದರೆ, ಪಿಪಿ ಪಕ್ಕ ಟಿ20 ಅಂತೆಲ್ಲ ಇದ್ದರೂ, ಅದು ಪಾಲಿಪ್ರೊಪಿಲೀನ್. ಅದಕ್ಕೆ ಯಾವ ಗಮ್ಮೂ ಸುಲಭವಾಗಿ ಹಿಡಿಯುವುದಿಲ್ಲ. ಬಂಪರ್ ಪೇಂಟ್ ಮಾಡುವವರು ಹೊಡೆಯುವ ಪ್ಲಾಸ್ಟಿಕ್ ಪ್ರೈಮರ್ ತಂದು ತೆಳುವಾಗಿ ಒಂದು ಕೋಟ್ ಹೊಡೆಯಿರಿ. ಆದರೂ ಕಾಣದ ಒಂದು ಮೂಲೆಯಲ್ಲಿ ಅಂಗೈ ಅಗಲದ ತುಂಡು ಅಂಟಿಸಿ ಎರಡು ದಿನ ಬಿಸಿಲಿಗೆ ಇಟ್ಟು ಎಳೆದು ನೋಡದೆ ಮುಂದೆ ಹೋಗಬೇಡಿ.

ಗಮ್ ವಿಷಯ. ಎಸ್‌ಆರ್ 998 ನನಗೆ ಬಾಗಿಲಿನ ಪ್ಯಾನೆಲ್‌ಗೆ ಸಾಕಾಗಿದೆ. ಫೆವಿಕಾಲ್‌ನದ್ದೇ ಎಸ್‌ಎಚ್ ಮರಕ್ಕೆ, ಇದಕ್ಕಲ್ಲ, ಹೆಸರು ನೋಡಿ ತನ್ನಿ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ಮಾತ್ರ ಹೆಚ್ಚು ಬಿಸಿ ತಡೆಯುತ್ತದೆ ಅಂತ ಡಬ್ಬದ ಮೇಲೆಯೇ ಬರೆದಿರುವ ಗಮ್ ತನ್ನಿ. ಬಿಸಿಲಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನಲ್ಲಿ ಆ ಜಾಗ 70–80 ಡಿಗ್ರಿ ಮುಟ್ಟುತ್ತದೆ, ಸಾಧಾರಣ ಗಮ್ ಅಲ್ಲಿ ಸಡಿಲವಾಗುತ್ತದೆ. ಕ್ರಾಫ್ಟ್ ಕೆಲಸದ ಅಗ್ಗದ ಸ್ಪ್ರೇ ಕ್ಯಾನ್‌ಗೆ ದುಡ್ಡು ಹಾಕಬೇಡಿ. ಎರಡೂ ಕಡೆ ತೆಳುವಾಗಿ ಹಚ್ಚಿ. ಕಬ್ಬಿಣ ಕೊಯ್ಯುವ ಹ್ಯಾಕ್ಸಾದ ಮುರಿದ ಬ್ಲೇಡಿನ ಹಲ್ಲಿನಲ್ಲಿ ಎಳೆದರೆ ಸಮ ಬರುತ್ತದೆ. ಹತ್ತು ಹದಿನೈದು ನಿಮಿಷ ಬಿಡಿ. ಬೆರಳ ಗಂಟು ತಾಗಿಸಿದರೆ ಅಂಟಿದ ಹಾಗೆ ಅನಿಸಬೇಕು, ಆದರೆ ನೂಲು ಬರಬಾರದು. ಆಗ ಒತ್ತಿ.

ಮತ್ತೆ ಮಳೆಗಾಲದಲ್ಲಿ ಈ ಕೆಲಸ ಹಿಡಿಯಲೇಬೇಡಿ. ಒಮ್ಮೆ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ನಾನು ಗಮ್ ಹಚ್ಚಿ ಐದು ನಿಮಿಷಕ್ಕೆ ಅದರ ಮೇಲೆ ತೆಳು ಹಾಲಿನ ಕೆನೆಯ ಹಾಗೆ ಬಿಳಿ ಕಟ್ಟಿತ್ತು. ದ್ರಾವಕ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ. ಅದರ ಮೇಲೆ ಒತ್ತಿದರೆ ಅಂಟುವುದೇ ಇಲ್ಲ. ನಮ್ಮ ಕಡೆ ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯದು, ಬೆಳಿಗ್ಗೆ ಮಂಜು ಆರಿದ ಮೇಲೆ, ಎಲ್ಲ ಬಾಗಿಲು ತೆರೆದು. ಹತ್ತಿರ ಬೀಡಿ, ಸೊಳ್ಳೆ ಬತ್ತಿ, ಒಲೆ ಯಾವುದೂ ಬೇಡ, ಆ ಆವಿಗೆ ಬೆಂಕಿ ಹಿಡಿಯುತ್ತದೆ.

ಒತ್ತುವಾಗ ತಗ್ಗಿನಿಂದ ಶುರು ಮಾಡಿ ಹೊರಗೆ ಬನ್ನಿ. ನೀವು ಎರಡು ತುದಿ ಹಿಡಿದು ಎಳೆದು ಕೊನೆಗೆ ತಗ್ಗಿಗೆ ಒತ್ತಿದ್ದೀರಿ, ಫೋಟೋದಲ್ಲೇ ಕಾಣುತ್ತದೆ. ಎಳೆದು ಕೂರಿಸಿದ ರೆಕ್ಸಿನ್ ಬಿಸಿಲು ಬಿದ್ದಾಗಲೆಲ್ಲ ವಾಪಸ್ ನೇರ ಆಗುವುದಕ್ಕೆ ನೋಡುತ್ತದೆ. ಹಿಂಬದಿ ನೇಯ್ದ ಬಟ್ಟೆ ಇರುವ ಸೀಟಿನ ರೆಕ್ಸಿನ್ ಇದಕ್ಕೆ ಆಗದು, ಬನಿಯನ್ ಹಾಗೆ ನಾಲ್ಕೂ ಕಡೆ ಎಳೆಯುವ ಹೆಣಿಗೆ ಬಟ್ಟೆಯದ್ದು ಕೇಳಿ. ತಗ್ಗು ತುಂಬಾ ಆಳ ಇದ್ದರೆ ಹಟ ಬೇಡ. ಎರಡು ತುಂಡು ಮಾಡಿ ಕುಶನ್ ಕೆಲಸದವರ ಹತ್ತಿರ ಹೊಲಿಸಿ, ಹೊಲಿಗೆ ಸರಿಯಾಗಿ ತಗ್ಗಿನ ಗೆರೆಯಲ್ಲಿ ಬರಲಿ. ಬಣ್ಣ ಕಪ್ಪು ಅಥವಾ ಕಡು ಬೂದು, ಹೊಳಪಿಲ್ಲದ್ದು. ಬೀಜ್ ಬಣ್ಣ ಚಂದ ಅಂತ ನೀವು ಬರೆದಿದ್ದೀರಿ, ಆದರೆ ಮಧ್ಯಾಹ್ನ ಅದರ ಪ್ರತಿಬಿಂಬ ಮುಂದಿನ ಗಾಜಿನಲ್ಲಿ ಬಿದ್ದು ರಸ್ತೆಯೇ ಕಾಣುವುದಿಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ, ಬೇಸರ ಮಾಡಬೇಡಿ. ಎಸ್‌ಆರ್‌ಎಸ್ (ಒಳಗೆ ಏರ್‌ಬ್ಯಾಗ್ ಇದೆ ಅನ್ನುವ ಗುರುತು) ಅಂತ ಬರೆದ ಜಾಗದ ಮೇಲೆ ರೆಕ್ಸಿನ್ ಹಾಕಲೇಬಾರದು. ಏರ್‌ಬ್ಯಾಗ್ ಆ ಮುಚ್ಚಳವನ್ನು ಹರಿದುಕೊಂಡು ಹೊರಗೆ ಬರಬೇಕು. 2019ರ ಜುಲೈಯಿಂದ ಹೊಸ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯ, ಹಾಗಾಗಿ ಸ್ಟೇರಿಂಗ್ ನಡುಭಾಗಕ್ಕೂ ಕೈ ಹಾಕಬೇಡಿ. ಏರ್‌ಬ್ಯಾಗ್ ಇರುವ ಕಾರಿನ ಡ್ಯಾಶ್ ಪೂರ್ತಿ ಬಿಚ್ಚುವುದಿದ್ದರೆ ವರ್ಕ್‌ಶಾಪ್‌ನಲ್ಲೇ ಬಿಚ್ಚಿಸಿ.

ಬಾಗಿಲಿನ ಪ್ಯಾನೆಲ್ ಕೂಡ ಮಾಡುವ ಯೋಚನೆ ಇದೆ ಅಂದಿರಿ. ಪ್ಯಾನೆಲ್ ತೆಗೆದಾಗ ಹಿಂದೆ ಕರಿ ಅಂಟಿನಲ್ಲಿ ಹಿಡಿದ ಪ್ಲಾಸ್ಟಿಕ್ ಹಾಳೆ ಕಾಣುತ್ತದೆ. ಅದನ್ನು ಕಸ ಅಂತ ಎಸೆಯುವವರೇ ಜಾಸ್ತಿ. ಮಳೆನೀರು ಗಾಜಿನ ಸಂದಿಯಿಂದ ಬಾಗಿಲೊಳಗೆ ಇಳಿಯುತ್ತದೆ, ಅಡಿಯ ತೂತಿನಿಂದ ಹೊರಗೆ ಹೋಗುತ್ತದೆ. ಆ ಹಾಳೆ ಇಲ್ಲದಿದ್ದರೆ ನಮ್ಮ ಮಳೆಗೆ ಒಳಗಿನ ಹಾರ್ಡ್‌ಬೋರ್ಡ್ ಒಂದೇ ವರ್ಷದಲ್ಲಿ ಊದಿಕೊಂಡು ಸಿಪ್ಪೆ ಸಿಪ್ಪೆ ಏಳುತ್ತದೆ, ರೆಕ್ಸಿನ್‌ಗೆ ಬೂಸ್ಟು ಹಿಡಿಯುತ್ತದೆ. ಹಾಳೆ ಹರಿದಿದ್ದರೆ ದಪ್ಪ ಪ್ಲಾಸ್ಟಿಕ್ ಕತ್ತರಿಸಿ ಅದೇ ಆಕಾರದಲ್ಲಿ ಹಾಕಿ, ಕೆಳಗಿನ ಅಂಚು ಬಾಗಿಲಿನ ಒಳಕ್ಕೆ ಹೋಗುವ ಹಾಗೆ. ಅಡಿಯ ತೂತಿಗೆ ಒಂದು ತಂತಿ ಆಡಿಸಿ, ಮಣ್ಣು ಕಟ್ಟಿರುತ್ತದೆ. ಪ್ಯಾನೆಲ್ ಕ್ಲಿಪ್ ಹತ್ತಿಪ್ಪತ್ತು ಜಾಸ್ತಿಯೇ ತನ್ನಿ, ಹಳೆಯವು ಮುರಿಯುತ್ತವೆ.

ಸದ್ಯಕ್ಕೆ ಎದ್ದದ್ದನ್ನು ಪೂರ್ತಿ ಕಿತ್ತು, ಪ್ಯಾನೆಲ್ ಹಿಂಬದಿಯ ಆ ಅಕ್ಷರದ ಫೋಟೋ ಹಾಕಿ. ಪಿಪಿ ಆದರೆ ಯಾವ ಪ್ರೈಮರ್ ಅಂತ ಆಗ ನೋಡೋಣ. ರೆಕ್ಸಿನ್ ಈಗಲೇ ತರಬೇಡಿ.