ಹೊಳೆದಂಡೆಗೆ 1000 ಗಿಡ ನೆಡಬೇಕು, ಯಾವ ಗಿಡ ಒಳ್ಳೇದು, ಎಂಥ ಬೇಲಿ ಹಾಕಬೇಕು?

ನೀವು ಕೇಳಿದ್ದನ್ನೇ 2018ರಲ್ಲಿ ನಾನೂ ಎಲ್ಲರನ್ನೂ ಕೇಳಿಕೊಂಡು ಓಡಾಡಿದ್ದೆ. ನಮ್ಮದು ಹೊಳೆನರಸೀಪುರದ ಹತ್ತಿರ, ಹೇಮಾವತಿ ದಂಡೆಯ ಊರು. ದಂಡೆ ಕುಸಿದು ಹೊಲಗಳೇ ಹೊಳೆ ಪಾಲಾಗುತ್ತಿದ್ದವು. ಹುಡುಗರೆಲ್ಲ ಸೇರಿ 600 ಗಿಡ ತಂದೆವು. ಹೊಂಗೆ, ನೇರಳೆ, ಹೊಳೆಮತ್ತಿ, ಅತ್ತಿ. ಗಿಡದಲ್ಲಿ ತಪ್ಪಿರಲಿಲ್ಲ. ತಪ್ಪಾಗಿದ್ದು ಬೇಲಿಯಲ್ಲಿ.

ತಂತಿ ಎಳೆಯುವ ದಿನ ದನ ಮೇಯಿಸುವ ತಾತ ಒಬ್ಬರು ಬಂದು, "ಇಲ್ಲೊಂದಿಪ್ಪತ್ತಡಿ ಬಿಟ್ಬಿಡು ಕಣಪ್ಪ, ದನ ನೀರಿಗಿಳಿಯೋ ಜಾಡು" ಅಂದರು. "ಸೇತುವೆ ಹತ್ರ ಇನ್ನೊಂದು ಜಾಡಿದೆಯಲ್ಲ ತಾತ" ಅಂದೆ. ಜಾಗ ಬಿಟ್ಟರೆ ಅಲ್ಲಿಂದಲೇ ಆಡು ನುಗ್ಗುತ್ತವೆ ಅನ್ನುವುದು ನನ್ನ ಲೆಕ್ಕ. ಸೇತುವೆ ಅರ್ಧ ಕಿಲೋಮೀಟರ್ ದೂರ. ನನಗದು ಬೈಕಿನಲ್ಲಿ ಒಂದು ನಿಮಿಷ. ಅವರು ಏಪ್ರಿಲ್ ಬಿಸಿಲಲ್ಲಿ, ದಿನಕ್ಕೆರಡು ಸಲ, ಬಾಯಾರಿದ ದನ ಹೊಡೆದುಕೊಂಡು ಹೋಗಿ ಬರಬೇಕು. ಗಬ್ಬದ ಹಸು ಇದ್ದರೆ ಇನ್ನೂ ಕಷ್ಟ. ಆ ಅರ್ಧ ಕಿಲೋಮೀಟರನ್ನು ನಾನು ಒಂದು ಸಲವೂ ನಡೆದು ನೋಡಲಿಲ್ಲ. ಬೇಸಿಗೆಯಲ್ಲಿ ಒಂದು ರಾತ್ರಿ ಯಾರೋ ತಂತಿ ಕತ್ತರಿಸಿದರು. ಸರಿಯಾಗಿ ಹಳೇ ಜಾಡಿನ ಎದುರಿಗೇ. ಮಳೆ ಬರುವ ಹೊತ್ತಿಗೆ ಉಳಿದಿದ್ದು 40 ಗಿಡ, ಜಾಸ್ತಿ ಹೊಂಗೆಯೇ. ಅದರ ಸೊಪ್ಪು ಆಡಿಗೆ ಅಷ್ಟು ಹಿಡಿಸಲ್ಲ ಅಲ್ವಾ. ಕತ್ತರಿಸಿದವರ ಮೇಲೆ ನನಗೆ ಸಿಟ್ಟಿಲ್ಲ. ದಾರಿ ಮುಚ್ಚಿದವನು ನಾನು.

ಹಾಗಾಗಿ ಬೇಲಿಗೆ ದುಡ್ಡು ಸುರಿಯಬೇಡಿ. 1000 ಅನ್ನುವ ಲೆಕ್ಕವನ್ನೂ ಬಿಡಿ. ಎಷ್ಟು ಮನೆಯವರು ನೀರು ಹುಯ್ಯಲು ಒಪ್ಪುತ್ತಾರೋ ಅಷ್ಟೇ ಗಿಡ ತನ್ನಿ.

2020ರಲ್ಲಿ ನಾವು ಮೊದಲು ಜಾಡಿಗೆ ಕಲ್ಲು ಹಾಸಿದೆವು. ಇಳಿಜಾರಿಗೆ ಲಾವಂಚ ನೆಟ್ಟೆವು. ಅದರ ಬೇರು ನೇರ ಆಳಕ್ಕಿಳಿದು ಮಣ್ಣು ಹಿಡಿಯುತ್ತದೆ. ಮರದ ಗಿಡ ಅದರ ಹಿಂದೆ. ಯಾರ ಹೊಲದ ಅಂಚೋ ಅವರದ್ದೇ ಗಿಡ. ಹೊಂಗೆ ಸೊಪ್ಪು ಗದ್ದೆಗೆ, ನಡುವಿನ ಹುಲ್ಲು ಹಸುವಿಗೆ. ಸ್ವಂತ ಜಮೀನಿನಲ್ಲಿ ನೆಟ್ಟವರು ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಗೆ ಹೆಸರು ಕೊಟ್ಟರು. ಆಗ ಬದುಕಿದ ಗಿಡಕ್ಕೆ ಮೂರು ವರ್ಷಕ್ಕೆ ಸೇರಿ 125 ರೂಪಾಯಿ ಇತ್ತು.

ತಾತನಿಗೆ ಹೊಲವಿಲ್ಲ. ಜಾಡಿನ ಪಕ್ಕದ 30 ಗಿಡದ ಹಣ್ಣು, ಬೀಜ ಅವರಿಗೇ ಅಂತ ಊರವರು ಒಪ್ಪಿದೆವು. ಮೊದಲ ಬೇಸಿಗೆ ಪೂರ್ತಿ, ದನ ನೀರು ಕುಡಿಯುವಷ್ಟರಲ್ಲಿ ಅವರು ಬಿಂದಿಗೆ ತುಂಬಿಕೊಂಡು ಒಂದೊಂದೇ ಬುಡಕ್ಕೆ ಹುಯ್ಯುತ್ತಿದ್ದರು. 30ರಲ್ಲಿ 27 ಈಗಲೂ ಇವೆ.