ಇರುವೆ ಮುತ್ತುವವರೆಗೆ ಕಾಯಬೇಡಿ

ಓದುಗರ ಪತ್ರ: ಯಜಮಾನರಿಗೆ ನಲವತ್ತೆರಡು ವರ್ಷ. ಕುತ್ತಿಗೆಯ ಹಿಂಭಾಗ ಕಪ್ಪಾಗಿದೆ, ಮೇಲಿಂದ ಮೇಲೆ ಕುರು ಏಳುತ್ತದೆ. ಮಾವನವರಿಗೆ ಸಕ್ಕರೆ ಕಾಯಿಲೆ ಇತ್ತು. ರಕ್ತ ಪರೀಕ್ಷೆ ಮಾಡಿಸಿ ಎಂದರೆ, ‘ಬಾಯಾರಿಕೆಯಿಲ್ಲ, ಮೂತ್ರಕ್ಕೆ ಇರುವೆ ಮುತ್ತಿಲ್ಲ, ನನಗೇನೂ ಆಗಿಲ್ಲ’ ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ಓದುಗರು, ಹಾಸನ ಜಿಲ್ಲೆ

ಸಂಪಾದಕರ ಉತ್ತರ: ಸಹೋದರಿ, ಇರುವೆಯ ಮಾತು ಸುಳ್ಳಲ್ಲ, ಚರಕಸಂಹಿತೆಯಲ್ಲೇ ಅದರ ಪ್ರಸ್ತಾಪವಿದೆ. ಆದರೆ ಅದನ್ನು ನಂಬಿ ಕುಳಿತರೆ ತಡವಾಗುತ್ತದೆ. ರಕ್ತದ ಸಕ್ಕರೆ ಡೆಸಿಲೀಟರ್‌ಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಸೋರಲು ಬಿಡದೆ ರಕ್ತಕ್ಕೇ ಮರಳಿಸುತ್ತವೆ. ಅದನ್ನು ಮೀರಿದ ಮೇಲೆ ಸಕ್ಕರೆ ನೀರನ್ನೂ ಎಳೆದುಕೊಂಡು ಮೂತ್ರಕ್ಕೆ ಇಳಿಯುತ್ತದೆ. ಪದೇ ಪದೇ ಮೂತ್ರ, ತೀರದ ಬಾಯಾರಿಕೆ, ಇರುವೆ ಎಲ್ಲವೂ ಆ ನಂತರದ್ದು. ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಮಧುಮೇಹದ ಮಟ್ಟ. ಹಾಗಾಗಿ ಏನೂ ಅರಿವಿಗೆ ಬಾರದೆ ವರ್ಷಗಟ್ಟಲೆ ಓಡಾಡಿಕೊಂಡಿರುವವರು ಬಹಳ. ಅಷ್ಟರಲ್ಲಿ ಕಣ್ಣಿಗೂ ಪಾದದ ನರಗಳಿಗೂ ಪೆಟ್ಟು ಬಿದ್ದಿರುತ್ತದೆ. ಕಾಲಿನಿಂದ ಚಪ್ಪಲಿ ಜಾರಿದ್ದೂ ತಿಳಿಯದಷ್ಟು ಪಾದ ಮರಗಟ್ಟಿದ ಮೇಲೆ ಆಸ್ಪತ್ರೆಗೆ ಬರುವವರಿದ್ದಾರೆ.

ನೀವು ಗಮನಿಸಿರುವುದು ಅದಕ್ಕಿಂತ ಮುಂಚೆಯೇ ಕಾಣಿಸಿಕೊಳ್ಳಬಲ್ಲ ಗುರುತು. ಮಖಮಲ್ಲಿನಂತೆ ದಪ್ಪಗಾದ, ಎಷ್ಟು ಉಜ್ಜಿದರೂ ಹೋಗದ ಕಪ್ಪು ಕೊಳೆಯಲ್ಲ. ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸುರಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಚರ್ಮವನ್ನು ಬೆಳೆಸುತ್ತದೆ. ಮರಳಿ ಮರಳಿ ಏಳುವ ಕುರು, ಬೇಗ ಮಾಯದ ಗಾಯ, ತೊಡೆಸಂದಿಯ ತುರಿಕೆ, ಕಣ್ಣು ಮಂಜಾಗುವುದು – ಇವನ್ನೂ ಕಡೆಗಣಿಸಬಾರದು. ಜೊತೆಗೆ ತಂದೆಗೆ ಕಾಯಿಲೆಯಿತ್ತು. ಸೊಂಟದ ಸುತ್ತಳತೆ 90 ಸೆಂಟಿಮೀಟರ್ ಮೀರಿದ್ದರಂತೂ ಒಂದು ವಾರವೂ ತಡಮಾಡಬೇಡಿ.

ಅವರೊಂದಿಗೆ ವಾದಕ್ಕೆ ನಿಲ್ಲುವುದು ಬೇಡ. ‘ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳೋಣ’ ಎನ್ನಿ. ನಿಮಗೂ ಅದು ಒಳ್ಳೆಯದೇ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆ ಉಚಿತ. ರಾತ್ರಿ ಊಟವಾಗಿ ಎಂಟು ಗಂಟೆ ಕಳೆದಿರಲಿ, ಬೆಳಗಿನ ಕಾಫಿಯೂ ಬೇಡ, ನೀರು ಕುಡಿಯಬಹುದು. ಸಾಧ್ಯವಾದರೆ ಎಚ್‌ಬಿಎ1ಸಿ ಪರೀಕ್ಷೆಯನ್ನೂ ಮಾಡಿಸಿ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ, ಶೇಕಡ 6.5 ಅಥವಾ ಹೆಚ್ಚಿದ್ದರೆ ಮಧುಮೇಹ. ಖಾಲಿ ಹೊಟ್ಟೆಯ ಸಕ್ಕರೆ 100ರಿಂದ 125ರ ನಡುವೆ ಬಂದರೆ ಅದು ಮಧುಮೇಹದ ಹೊಸ್ತಿಲು, ಎದೆಗುಂದಬೇಡಿ. ಬಿರುಸಿನ ನಡಿಗೆ, ತೂಕ ಇಳಿಕೆ, ತಟ್ಟೆಯಲ್ಲಿ ಅನ್ನ ತಗ್ಗಿಸಿ ಕಾಳು ತರಕಾರಿ ಹೆಚ್ಚಿಸುವುದರಿಂದ ಎಷ್ಟೋ ಜನ ಅಲ್ಲಿಂದ ಹಿಂದಿರುಗಿದ್ದಾರೆ.

ಇತರ ಓದುಗರಿಗೂ ಒಂದು ಮಾತು. ಮಕ್ಕಳಲ್ಲಿ ಇದು ವರ್ಷಗಳಲ್ಲಿ ಅಲ್ಲ, ವಾರಗಳಲ್ಲೇ ಉಲ್ಬಣಿಸುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಶುರುಮಾಡಿ, ವಿಪರೀತ ನೀರು ಕುಡಿಯುತ್ತ ಸೊರಗುತ್ತಿದ್ದರೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಿರಿ. ವಾಂತಿ, ಏದುಸಿರು ಸೇರಿಕೊಂಡರೆ ರಾತ್ರಿಯಾದರೂ ಸರಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.