ಅಪ್ಪನ ಹಳೇ ಜೀಪಿನ ತುಕ್ಕು ಮನೆಯಲ್ಲೇ ಸರಿ ಮಾಡಬಹುದಾ?

ತಂದೆಯವರ ಹಳೇ ಫೋರ್ ವೀಲ್ ಜೀಪಿನ ಫ್ಲೋರ್ ತುಕ್ಕು ಹಿಡಿದು ತೂತಾಗಿದೆ, ಮನೆಯಲ್ಲೇ ರಿಪೇರಿ ಆಗುತ್ತದಾ ಅಂತ ಕೇಳಿದ್ದೀರಿ. ಆಗುತ್ತದೆ. ನಮ್ಮ ಮನೆ ತೀರ್ಥಹಳ್ಳಿ ಹತ್ತಿರ, ನಮ್ಮದು ಮಹೀಂದ್ರಾ ಎಂಎಂ 540, ತೋಟಕ್ಕೆ ಇವತ್ತಿಗೂ ಅದೇ ಬೇಕು. ಅದರ ಫ್ಲೋರ್ ನಾನು ಎರಡು ಸಲ ಮಾಡಿದ್ದೇನೆ. ಮೊದಲ ಸಲ ತೂತಿಗೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆದಿದ್ದೆ, ಒಂದೇ ಮಳೆಗಾಲಕ್ಕೆ ಗುಳ್ಳೆ ಬಂದು ಪುಟ್ಟಿ ಹಪ್ಪಳದ ಹಾಗೆ ಎದ್ದು ಬಂತು. ಅದನ್ನು ಮಾತ್ರ ಮಾಡಬೇಡಿ.

ಮೊದಲು ರಬ್ಬರ್ ಮ್ಯಾಟ್ ತೆಗೆದು ಹೊರಗೆ ಹಾಕಿ, ನಮ್ಮ ಕಡೆ ತುಕ್ಕು ಶುರುವಾಗುವುದೇ ಅದರ ಅಡಿಯಲ್ಲಿ. ಬರೀ ಮಳೆಯಿಂದ ಅಲ್ಲ. ಜೀಪಿನಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ ತರುತ್ತೇವೆ, ಅದೂ ಒಂದು ಉಪ್ಪೇ, ಚೆಲ್ಲಿದ್ದು ತೇವ ಹಿಡಿದುಕೊಂಡು ತಗಡನ್ನು ತಿನ್ನುತ್ತದೆ. ಇನ್ನು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣ ಕದಡಿದ ದ್ರಾವಣ, ಹೊಡೆಯುತ್ತೇವೆ. ಸುಣ್ಣ ಸೇರಿಸುವ ಮೊದಲಿನ ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ತಾಮ್ರ ಬಂದು ಕೂರುತ್ತದೆ, ಕಬ್ಬಿಣ ಕರಗಿ ಹೋಗುತ್ತದೆ, ಅದಕ್ಕೇ ಅಲ್ವಾ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕದಡುವುದು. ನಮ್ಮ ಜೀಪಿನಲ್ಲಿ ಆ ಡ್ರಮ್ ಇಡುತ್ತಿದ್ದ ಜಾಗದಲ್ಲೇ ಅಂಗೈ ಅಗಲ ತೂತು ಬಿದ್ದಿತ್ತು.

ಸ್ಕ್ರೂಡ್ರೈವರಿನಿಂದ ಎಲ್ಲಾ ಕಡೆ ಚುಚ್ಚಿ ನೋಡಿ. ಆಮೇಲೆ ಜೀಪಿನ ಕೆಳಗೆ ಹೋಗಿ ಚಾಸಿಯನ್ನು, ಅಂದರೆ ಗಾಡಿಯನ್ನು ಹೊತ್ತ ಕಬ್ಬಿಣದ ಚೌಕಟ್ಟನ್ನು, ಸಣ್ಣ ಸುತ್ತಿಗೆಯಲ್ಲಿ ಬಡಿಯಿರಿ. ಠಣ್ ಅಂದರೆ ಚಿಂತೆಯಿಲ್ಲ. ಸದ್ದು ಸತ್ತಿದ್ದರೆ, ಅದರಲ್ಲೂ ಸ್ಪ್ರಿಂಗ್ ಪಟ್ಟಿ ಕೂರುವ ಕಡೆ, ಅದು ಮನೆಯಲ್ಲಿ ಮಾಡುವ ಕೆಲಸವೇ ಅಲ್ಲ, ಚಾಸಿ ಕೆಲಸ ಗೊತ್ತಿರುವವರ ಹತ್ತಿರ ಒಯ್ಯಿರಿ.

ಫ್ಲೋರಿಗೆ ಗ್ರೈಂಡರಿನಲ್ಲಿ ವೈರ್ ಬ್ರಷ್ ಹಾಕಿ ಉಜ್ಜಿ, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಕೊಳೆತ ತಗಡನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ. ತೇಪೆಗೆ 18 ಗೇಜ್ ಶೀಟ್ ಸಾಕು, ಅಂದರೆ ಸುಮಾರು 1.2 ಮಿಲಿಮೀಟರ್. ಸತು ಲೇಪಿಸಿದ ಜಿಐ ಶೀಟ್ ಬೇಡ, ವೆಲ್ಡ್ ಮಾಡುವಾಗ ಬರುವ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಮನೆಯ ಆರ್ಕ್ ವೆಲ್ಡಿಂಗಿನಲ್ಲಿ ಹಳೇ ತಗಡು ಸುಮ್ನೆ ಸುಟ್ಟು ತೂತಾಗುತ್ತದೆ, ಸಿಓಟು (ಗ್ಯಾಸ್ ಬಿಟ್ಟು ತಂತಿಯಲ್ಲಿ ಮಾಡುವ) ವೆಲ್ಡಿಂಗ್ ಇರುವವರ ಹತ್ತಿರ ಇದೊಂದು ಕೆಲಸ ಮಾಡಿಸಿ. ಬ್ಯಾಟರಿ ತಂತಿ ಬಿಚ್ಚಿರಬೇಕು, ಹತ್ತಿರದಲ್ಲಿ ಡೀಸೆಲ್ ಟ್ಯಾಂಕ್ ಇದ್ದರೆ ಇಳಿಸಿರಬೇಕು.

ಸಂದಿಯಲ್ಲಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಕಪ್ಪಾಗಿ ಪೂರ್ತಿ ಒಣಗಲಿ. ಅವತ್ತೇ ಎಪಾಕ್ಸಿ ಪ್ರೈಮರ್ ಹೊಡೆಯಿರಿ, ಅಡಿ ಭಾಗಕ್ಕೂ. ರಾತ್ರಿ ಬಿಟ್ಟರೆ ಇಬ್ಬನಿಗೆ ಬೆಳಗ್ಗೆ ಮತ್ತೆ ಕೆಂಪಾಗಿರುತ್ತದೆ. ಫೆಬ್ರವರಿ, ಮಾರ್ಚಿನ ಬಿಸಿಲಲ್ಲೇ ಮಾಡಿ, ಜುಲೈಯಲ್ಲಿ ಕೈ ಹಾಕಬೇಡಿ.

ಹಳೇ ಇಂಜಿನ್ ಆಯಿಲ್ ಬಳಿಯಿರಿ ಅಂತ ತುಂಬಾ ಜನ ಹೇಳುತ್ತಾರೆ. ಅದಕ್ಕೆ ಮಣ್ಣು ಜಾಸ್ತಿ ಅಂಟುತ್ತದೆ, ರಬ್ಬರ್ ಬುಷ್ ಹಾಳಾಗುತ್ತದೆ. ಅದರ ಬದಲು ಫ್ಲೋರಿನ ತಗ್ಗಿನಲ್ಲಿ ನೀರು ಇಳಿಯುವ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ. ನಾನು ಈಗ ಮಳೆಗಾಲದಲ್ಲಿ ಮ್ಯಾಟ್ ಹಾಕುವುದೇ ಇಲ್ಲ, ಗೊಬ್ಬರ ಇಳಿಸಿದ ದಿನವೇ ನೀರು ಬಿಟ್ಟು ತೊಳೆಯುತ್ತೇನೆ. ಚಾಸಿ ಬಡಿದು ನೋಡಿದ ಮೇಲೆ ಹೇಗಿದೆ ಅಂತ ತಿಳಿಸಿ.